ವೀರಗಲ್ಲು ಮತ್ತು ಗಾಯಾಳು: ಒಂದು ವಿಮರ್ಶೆ

ತರೀಕೆರೆಯ ಸಮೀಪದ ಅಮೃತಾಪುರದಲ್ಲಿ 1196ರಲ್ಲಿ ನಿರ್ಮಿತವಾದ ಅಮೃತೇಶ್ವರ ದೇವಾಲಯದ ಮಂಟಪದ ಹೊರಗೋಡೆಯಲ್ಲಿ ರಾಮಾಯಣ, ಭಾಗವತ, ಭಾರತಗಳ ಕಥಾಶಿಲ್ಪಗಳು ಸಾಲುಗೊಂಡಿವೆ. ಆ ಕಥೆಗಳಲ್ಲಿ ವೀರನಿಗೆ ಬಹುಮಟ್ಟಿಗೆ ಎರಡೇ ಗತಿ: ಜಯ, ಇಲ್ಲವೇ ವೀರಸ್ವರ್ಗ. ನಮ್ಮ ವೀರಗಲ್ಲುಗಳು ಸ್ಮರಿಸುವುದೂ ಮಡಿದವನನ್ನೇ. ನೆತ್ತರುಗೊಡಗೆಯು ಸಲ್ಲುತ್ತಿದ್ದುದೂ ಅಂಥವನ ಮನೆಯವರಿಗೆ. ರನ್ನನ ಗದಾಯುದ್ಧದಲ್ಲಿಯೂ ತೊಡೆಮುರಿದ ದುರ್ಯೋಧನನ ಪಾಡು ಕಾವ್ಯದ ಕೊನೆಯೇ ಹೊರತು ಹೊಸ ಬಾಳಿನ ಮೊದಲಲ್ಲ. ಗಾಯಗೊಂಡು ಬದುಕಬೇಕಾದವನ ನಾಳೆಯನ್ನು ಈ ಪರಂಪರೆ ಅಷ್ಟಾಗಿ ಚಿಂತಿಸಲಿಲ್ಲ.

ಅದನ್ನು ಚಿಂತಿಸಿದವರು ವೈದ್ಯರು. 1948ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗಟ್‌ಮನ್ನರು 16 ಮಂದಿ ಗಾಯಾಳು ಸೈನಿಕ ಸ್ತ್ರೀಪುರುಷರಿಗೆ ಗಾಲಿಕುರ್ಚಿಯಿಂದಲೇ ಬಿಲ್ಲುವಿದ್ಯೆಯ ಸ್ಪರ್ಧೆಯನ್ನೇರ್ಪಡಿಸಿದರು. ಅಲ್ಲಿ ಆಟವು ಕೇವಲ ವಿನೋದವಲ್ಲ, ಚಿಕಿತ್ಸೆಯ ಅಂಗ: ತೋಳಿಗೆ ಬಲ, ಮನಸ್ಸಿಗೆ ಗುರಿ.

ನಮ್ಮ ದೇಶದ ನಿದರ್ಶನವೂ ಉಂಟು. 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ ಮುರಳಿಕಾಂತ ಪೇಟ್ಕರರು ಮೊದಲು ಮುಷ್ಟಿಯುದ್ಧದ ಪಟು. ಬಳಿಕ ಈಜನ್ನು ಆರಿಸಿಕೊಂಡು 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನ 50 ಮೀಟರ್ ಸ್ಪರ್ಧೆಯಲ್ಲಿ ಚಿನ್ನ ಗೆದ್ದರು. ಅವರಿಗೆ ಪದ್ಮಶ್ರೀ ದೊರೆತುದು 2018ರಲ್ಲಿ. ಈ 46 ವರ್ಷಗಳ ವಿಳಂಬವು, ವೀರಗಲ್ಲಿನ ದೃಷ್ಟಿ ನಮ್ಮನ್ನಿನ್ನೂ ಬಿಟ್ಟಿಲ್ಲವೆಂದು ಸೂಚಿಸುವಂತಿದೆ. ವೀರರಸದ ಅಭ್ಯಾಸಿಗಳಾದ ನಾವು, ರಣದಿಂದ ಕುಂಟುತ್ತ ಮರಳಿದವನನ್ನೂ ವೀರನೆಂದೇ ಓದಲು ಕಲಿಯಬೇಕಾಗಿದೆ.