ಬಂದ ಬರ, ಬರಿಸಿದ ಬರ
ನಾವು ‘ಬರ ಬಂತು’ ಎನ್ನುತ್ತೇವೆ, ನೆರೆ ಬಂದಂತೆ. ಬರಿಸಿದವರಾರೆಂದು ಆ ಮಾತು ಕೇಳುವುದಿಲ್ಲ. ವಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿಯನ್ನು ಆಧರಿಸಿ ಸತ್ಯಜಿತ್ ರಾಯರು 1973ರಲ್ಲಿ ತೆಗೆದ ‘ಅಶನಿ ಸಂಕೇತ’ ಚಿತ್ರಕ್ಕೂ ಸಿಡಿಲಿನ ಹೆಸರೇ. ವಸ್ತು ಮಾತ್ರ 1943ರ ಬಂಗಾಳದ ಕ್ಷಾಮ.

ಚಿತ್ರದ ತುಂಬ ಕಣ್ತಣಿಸುವ ಹಸಿರು. ಹಸಿವಿನ ಕಥೆಗೆ ಇಷ್ಟು ಚೆಲುವೇಕೆಂದು ಆಕ್ಷೇಪಿಸಿದವರುಂಟು. ನಾನು ಒಪ್ಪಲಾರೆ. ಗದ್ದೆ ಒಣಗಿಲ್ಲ, ಮೇಲೆ ಯುದ್ಧವಿಮಾನ ಹಾಯುತ್ತದೆ, ಕೆಳಗೆ ಅಕ್ಕಿಯ ಬೆಲೆ ಏರುತ್ತದೆ. ತಪ್ಪು ಮುಗಿಲಿನದಲ್ಲವೆಂಬುದಕ್ಕೆ ಆ ಹಸಿರೇ ಸಾಕ್ಷಿ.

ಆದರೂ ಕೊನೆಗೆ, ಇದು ಮನುಷ್ಯರೇ ತಂದ ಕ್ಷಾಮವೆಂದು ರಾಯರು ಪರದೆಯ ಮೇಲೆ ಬರೆದೇ ತಿಳಿಸುತ್ತಾರೆ. ಕಲೆಯ ದೃಷ್ಟಿಯಿಂದ ಅದು ಹೆಚ್ಚಾಯಿತೇನೋ. ನಮ್ಮ ಮರೆವಿಗೆ ಬೇಕಿತ್ತು. 1942ರ ಅಕ್ಟೋಬರ್ 16ರಂದು ಮೇದಿನೀಪುರಕ್ಕೆ ಬಡಿದ ಚಂಡಮಾರುತಕ್ಕೆ ನೆನೆಯಲು ಒಂದು ದಿನವಿದೆ. ಸುಮಾರು 30 ಲಕ್ಷ ಜನರನ್ನು ಕೊಂದ ಕ್ಷಾಮಕ್ಕೆ ಅದೂ ಇಲ್ಲ.