ಅರಸು ಕೊಟ್ಟ ಭೂಮಿ, ಎಣಿಸಿದ ಮತ

1974ರ ಮಾರ್ಚ್ 1ರಂದು, ಸೈನಿಕರ ಜಮೀನಿನಂಥ ಕೆಲವು ವಿನಾಯಿತಿ ಬಿಟ್ಟರೆ, ಕರ್ನಾಟಕದಲ್ಲಿ ಗೇಣಿಗೆ ಹಾಕಿದ್ದ ಭೂಮಿಯೆಲ್ಲ ಸರ್ಕಾರದ ವಶವಾಯಿತು. ಅದನ್ನು ಉಳುತ್ತಿದ್ದ ಗೇಣಿದಾರನ ಹೆಸರಿಗೆ ಮಾಡಿಕೊಡುವುದು ಕಾನೂನಿನ ಉದ್ದೇಶ. ಆಗ ಮುಖ್ಯಮಂತ್ರಿಯಾಗಿದ್ದವರು ದೇವರಾಜ ಅರಸು.

ಇದೆಲ್ಲ ಓಟಿನ ಲೆಕ್ಕಾಚಾರ ಎಂಬ ಆಪಾದನೆ ಹಳೆಯದು. ಅದರಲ್ಲಿ ನಿಜವೂ ಇದೆ. ಲಿಂಗಾಯತರು ಮತ್ತು ಒಕ್ಕಲಿಗರ ಹಿಡಿತದಲ್ಲಿದ್ದ ರಾಜಕೀಯದಲ್ಲಿ, ತೀರಾ ಸಣ್ಣ ಸಮುದಾಯದಿಂದ ಬಂದ ಅರಸು ಅವರಿಗೆ ಸ್ವಂತ ಜಾತಿಯ ಬೆನ್ನಾಸರೆ ಇರಲಿಲ್ಲ. ಹಿಂದುಳಿದವರು, ದಲಿತರು, ಗೇಣಿದಾರರನ್ನು ಒಗ್ಗೂಡಿಸದೆ ಅವರು ಕುರ್ಚಿಯಲ್ಲಿ ಉಳಿಯುವಂತಿರಲಿಲ್ಲ. ಫಲವೂ ಸಿಕ್ಕಿತು: 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗ ಇಲ್ಲಿ 28ರಲ್ಲಿ 26 ಲೋಕಸಭಾ ಸ್ಥಾನ ಗೆದ್ದಿತು.

ಆದರೆ ಓಟಷ್ಟೇ ಬೇಕಿದ್ದರೆ ಹಳೆಯ ಕಾಯ್ದೆಯೇ ಸಾಕಿತ್ತು. 1961ರ ಕಾಯ್ದೆಯಲ್ಲಿ ಸ್ವಂತ ಸಾಗುವಳಿಯ ನೆಪ ಹೇಳಿ ಜಮೀನು ಹಿಂಪಡೆಯಲು ಧಣಿಗಳಿಗೆ ದಾರಿಯಿತ್ತು. ಅದನ್ನು ಹಾಗೇ ಬಿಟ್ಟು ವೇದಿಕೆಯ ಮೇಲೆ ‘ಉಳುವವನೇ ಹೊಲದೊಡೆಯ’ ಎನ್ನಬಹುದಿತ್ತು. ಅರಸು ಸರ್ಕಾರ ಆ ದಾರಿಯನ್ನೇ ಮುಚ್ಚಿತು. ಗೇಣಿದಾರ ಏಳನೇ ನಮೂನೆಯಲ್ಲಿ ಡಿಕ್ಲರೇಷನ್ ಹಾಕಬೇಕಿತ್ತು. ಸಹಾಯಕ ಆಯುಕ್ತರ ಅಧ್ಯಕ್ಷತೆಯ ಭೂನ್ಯಾಯ ಮಂಡಳಿ ವಿಚಾರಣೆ ನಡೆಸಬೇಕಿತ್ತು. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಸದಸ್ಯರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕಿತ್ತು. ಧಣಿಯ ಅಂಗಳದಲ್ಲಿ ತಲೆತಗ್ಗಿಸಿ ನಿಲ್ಲುತ್ತಿದ್ದವನು ಅದೇ ಧಣಿಯ ಎದುರು ನಿಂತು, ಈ ಗದ್ದೆ ಉತ್ತವನು ನಾನು ಎಂದು ಬಾಯಿಬಿಟ್ಟು ಹೇಳಿದ. ಸಿವಿಲ್ ಕೋರ್ಟುಗಳಲ್ಲಿ ವರ್ಷಗಟ್ಟಲೆ ಎಳೆದಾಡಿ ಅವನನ್ನು ಸೋಲಿಸುವ ಉಪಾಯ ಧಣಿಗಳ ಕೈತಪ್ಪಿತು. ಮಂಡಳಿಗೆ ಆಳುವ ಪಕ್ಷದವರನ್ನೇ ತುಂಬಿದರೆಂಬ ದೂರು ಸುಳ್ಳಲ್ಲ. ಹಾಗೆಂದು ಅಲ್ಲಿ ಸಿಕ್ಕ ಹಕ್ಕು ಹುಸಿಯಾಗುವುದಿಲ್ಲ.

1979ರಲ್ಲಿ ಇಂದಿರಾ ಗಾಂಧಿಯವರೊಂದಿಗೆ ಮುರಿದುಕೊಂಡು ಅರಸು ಹೊರನಡೆದರು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ಸಿಗೆ ರಾಜ್ಯದ 27 ಸ್ಥಾನ ಬಂದವು, ಅರಸು ಅವರ ಪಕ್ಷಕ್ಕೆ ಒಂದೂ ಇಲ್ಲ. ಭೂಮಿ ಪಡೆದವರು ಅದನ್ನು ಕೊಟ್ಟವರನ್ನು ಕೈಬಿಟ್ಟರು. ಆದರೂ ಕರಾವಳಿ ಮತ್ತು ಮಲೆನಾಡಿನಲ್ಲಿ ಭೂಮಿ ಪಡೆದವರ ಮಕ್ಕಳು ಓದಿದ್ದು, ಮನೆ ಕಟ್ಟಿದ್ದು ಆ ಜಮೀನಿನ ಬಲದಿಂದಲೇ. ಅರಸು ಸೋತ ಮೇಲೂ ಪಹಣಿಯಲ್ಲಿ ಬರೆದ ಹೆಸರು ಅಳಿಯಲಿಲ್ಲ. ಅವರ ಸಾಧನೆಯನ್ನು ಅಳೆಯಬೇಕಾದದ್ದು ಇಲ್ಲಿ.

ಕೊರತೆಯೂ ಅಷ್ಟೇ ದೊಡ್ಡದು. ಗೇಣಿಯ ದಾಖಲೆಯಾಗಲಿ ಸಾಕ್ಷಿಯಾಗಲಿ ಇಲ್ಲದ ಕೂಲಿಕಾರರಿಗೆ, ಅಂದರೆ ಬಹುಪಾಲು ದಲಿತರಿಗೆ, ಈ ಕಾಯ್ದೆಯಿಂದ ಉಳಲು ಹೊಲ ಸಿಕ್ಕಿದ್ದು ಕಡಿಮೆ. ವಾಸಿಸುವ ಗುಡಿಸಲಿನ ಜಾಗದ ಹಕ್ಕು ದೊರೆಯಿತು, 1976ರಲ್ಲಿ ಋಣ ಪರಿಹಾರ ಕಾಯ್ದೆಯೂ ಬಂತು. ಆದರೆ ಐದು ಜನರ ಕುಟುಂಬಕ್ಕೆ 54 ಎಕರೆವರೆಗೆ ಒಣಭೂಮಿ ಇಟ್ಟುಕೊಳ್ಳಲು ಬಿಟ್ಟ ಮಿತಿಯಿಂದ ಹಂಚಲು ಹೆಚ್ಚೇನೂ ಉಳಿಯಲಿಲ್ಲ. ಬಯಲುಸೀಮೆಯ ದೊಡ್ಡ ಹಿಡುವಳಿದಾರರನ್ನು ಎದುರು ಹಾಕಿಕೊಳ್ಳುವ ಧೈರ್ಯವನ್ನು ಅರಸು ಸರ್ಕಾರ ತೋರಲಿಲ್ಲ. ಗೇಣಿದಾರರ ವಿಷಯದಲ್ಲಿ ಕಂಡ ನಿಷ್ಠುರತೆ ಭೂಹೀನರ ಪಾಲಿಗೆ ಬರಲೇ ಇಲ್ಲ.