ಒಂದಕ್ಕೊಂದರ ಮೋಹ

ಹವ್ಯಾಸಿ ರೇಡಿಯೋದವರು, ಅಂದರೆ ಹ್ಯಾಮ್‌ಗಳು, ನಾಲ್ಕು ಜನ ಸೇರಿದರೆ ಮೊದಲು ಬರುವ ಪ್ರಶ್ನೆ, 'ಎಸ್‌ಡಬ್ಲ್ಯುಆರ್ ಎಷ್ಟು ಬಂತು?' ಆಂಟೆನಾ ಕೇಬಲಿಗೆ ಎಷ್ಟು ಹೊಂದುತ್ತದೆ ಎಂಬುದರ ಅಳತೆ ಅದು; 1:1 ಎಂದರೆ ಪೂರ್ತಿ ಹೊಂದಿಕೆ. ಹಾಗೆಂದವರ ಮುಖ ಅರಳಿರುತ್ತದೆ. 1.8 ಬಂದವರು ಮರುದಿನವೇ ಕಟಿಂಗ್ ಪ್ಲೈಯರ್ ಹಿಡಿದು ತಾರಸಿ ಹತ್ತುತ್ತಾರೆ. ಈ ರೂಢಿಯಿಂದ ನಮ್ಮ ಹವ್ಯಾಸಕ್ಕೆ ಒಳ್ಳೆಯದಾಗಿಲ್ಲ. ಚೆನ್ನೈನ ಕೋಡಂಬಾಕ್ಕಂನ ನಮ್ಮ ತಾರಸಿಯೇ ನನಗೆ ಅದನ್ನು ಕಲಿಸಿತು.

7.1 ಮೆಗಾಹರ್ಟ್ಸ್‌ಗೆ ಅರ್ಧ ತರಂಗದ ಡೈಪೋಲ್ ಎಂದರೆ ಸುಮಾರು 20 ಮೀಟರ್ ತಂತಿ. ಗೋಡೆಗೆ ಗೋಡೆ ಅಂಟಿದ ಈ ಬಡಾವಣೆಯಲ್ಲಿ ಅಷ್ಟುದ್ದ ನೇರವಾಗಿ ಎಳೆಯಲು ಜಾಗ ಎಲ್ಲಿ? ನೀರಿನ ಟ್ಯಾಂಕಿನ ಪಕ್ಕ ಕಂಬ ನಿಲ್ಲಿಸಿ, ಎರಡೂ ತುದಿಗಳನ್ನು ತಾರಸಿಯ ಮೂಲೆಗಳಿಗೆ ಇಳಿಬಿಟ್ಟೆ. ಹಾಗೆ ಬಾಗಿಸಿದಾಗ ಡೈಪೋಲಿನ 73 ಓಮ್ ಇಂಪಿಡೆನ್ಸ್ ಕೇಬಲಿನ 50ರ ಹತ್ತಿರಕ್ಕೆ ಇಳಿಯುತ್ತದೆ. ಅಲ್ಲಿಗೆ ಸಾಕು. ಎಸ್‌ಡಬ್ಲ್ಯುಆರ್ 2:1 ಇದ್ದರೆ ಶೇ. 11ರಷ್ಟು ಶಕ್ತಿ ಹಿಂದಿರುಗುತ್ತದೆ, ನಿಜ. ಆದರೆ ಅದೆಲ್ಲ ನಷ್ಟವಲ್ಲ. ಬಹುಪಾಲು ಮತ್ತೆ ಮೇಲಕ್ಕೇ ಹೋಗುತ್ತದೆ. ಈ ಆವರ್ತನದಲ್ಲಿ 20 ಮೀಟರ್ ಕೇಬಲಿಗೆ ಇದರಿಂದ ಆಗುವ ಹೆಚ್ಚುವರಿ ನಷ್ಟ ಕಾಲು ಡೆಸಿಬೆಲ್ ಕೂಡ ಇಲ್ಲ, ಯಾರ ಕಿವಿಗೂ ತಿಳಿಯದು. ಆಂಟೆನಾ ಎಂಜಿನಿಯರ್ ವಾಲ್ಟರ್ ಮ್ಯಾಕ್ಸ್‌ವೆಲ್ 1973ರಲ್ಲೇ ಹ್ಯಾಮ್‌ಗಳ 'ಕ್ಯುಎಸ್‌ಟಿ' ಪತ್ರಿಕೆಯಲ್ಲಿ ಇದನ್ನು ಕಂತುಕಂತಾಗಿ ಬಿಡಿಸಿ ಹೇಳಿದ್ದರು. ಆದರೂ ನಾವು ತಂತಿ ಕತ್ತರಿಸುವುದನ್ನು ಬಿಟ್ಟಿಲ್ಲ.

145 ಮೆಗಾಹರ್ಟ್ಸ್‌ಗೆ ಬಂದರೆ ಕಥೆ ಬೇರೆ. ಕೆಳಮನೆಯ ರೇಡಿಯೋದಿಂದ ಕಂಬದ ತುದಿಯ ಇನ್ನೊಂದು ಆಂಟೆನಾಕ್ಕೆ 30 ಮೀಟರ್ ಆರ್‌ಜಿ-58 ಎಳೆದಿದ್ದೆ. ಆ ತೆಳ್ಳನೆಯ ಕೇಬಲ್ ಈ ಆವರ್ತನದಲ್ಲಿ ಸುಮಾರು 6 ಡೆಸಿಬೆಲ್ ನುಂಗುತ್ತದೆ. ಇಲ್ಲಿಂದ 25 ವಾಟ್ ಹೊರಟರೆ ಮೇಲೆ ಸೇರುವುದು ಆರು. ದಪ್ಪದ ಆರ್‌ಜಿ-213 ಆಗಿದ್ದರೆ ಅರ್ಧಕ್ಕಿಂತ ಹೆಚ್ಚು ಸೇರುತ್ತಿತ್ತು.

2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆ ನಿಂತ ಮೇಲೆ ಈ 145 ಮೆಗಾಹರ್ಟ್ಸ್ ರೇಡಿಯೋ ಹಾಕಿದೆ. ಮೀಟರು 1.6 ತೋರಿಸಿತು. ಸಮಾಧಾನವಾಯಿತು. ಎಷ್ಟು ಕರೆದರೂ ಉತ್ತರವಿಲ್ಲ. ಮೇಲೆ ಹೋಗಿ ನೋಡಿದರೆ ಕನೆಕ್ಟರ್ ಒಳಗೆ ನಡುತಂತಿ ತುಂಡಾಗಿತ್ತು. ಹೆಣಿಗೆ ತಂತಿ ಹಸಿರುಗಟ್ಟಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಕೇಬಲಿಗೆ ಆಂಟೆನಾದ ಸಂಪರ್ಕವೇ ಇರಲಿಲ್ಲ! ಲೆಕ್ಕ ಸರಳ: ಹೋಗುವಾಗ 6 ಡೆಸಿಬೆಲ್, ಬರುವಾಗ 6. ತುದಿ ಬರಿದಾಗಿದ್ದರೂ ಹಿಂದಿರುಗುವ ಶಕ್ತಿ ಅಷ್ಟು ಸೊರಗಿರುವುದರಿಂದ ಮೀಟರು 1.7ಕ್ಕಿಂತ ಮೇಲೇರುವುದಿಲ್ಲ. ಕೇಬಲ್ ಎಷ್ಟು ಕೆಟ್ಟಿದ್ದರೆ ಮೀಟರು ಅಷ್ಟು ಒಳ್ಳೆಯ ಸುದ್ದಿ ಹೇಳುತ್ತದೆ.

ಟ್ಯೂನರ್ ಕೂಡ ಇದಕ್ಕೆ ಮದ್ದಲ್ಲ. ಮೇಜಿನ ಮೇಲಿನ ಟ್ಯೂನರ್ ರೇಡಿಯೋವನ್ನು ಸಮಾಧಾನಪಡಿಸುತ್ತದೆ, ಅಷ್ಟೆ. ಅದರಾಚೆಯ ಕೇಬಲಿನಲ್ಲಿ ಆಗುವ ನಷ್ಟ ಹಾಗೇ ಉಳಿಯುತ್ತದೆ. ಶಕ್ತಿಯನ್ನೆಲ್ಲ ಶಾಖವಾಗಿಸಿಬಿಡುವ ಡಮ್ಮಿ ಲೋಡಿಗೂ 1:1 ಬರುತ್ತದೆ, ಅದು ಪಕ್ಕದ ಬೀದಿಗೂ ಕೇಳಿಸುವುದಿಲ್ಲ. ಹಾಗೆಂದು ಮೀಟರನ್ನು ಬಿಸಾಡಬೇಕಿಲ್ಲ. ಎಸ್‌ಡಬ್ಲ್ಯುಆರ್ ತೀರ ಏರಿದರೆ ಇಂದಿನ ರೇಡಿಯೋಗಳು ತಾವೇ ಶಕ್ತಿ ತಗ್ಗಿಸುತ್ತವೆ, ಅದು ಗೊತ್ತಾಗಬೇಕು. ನಿನ್ನೆ 1.3 ಇದ್ದದ್ದು ಇವತ್ತು 2.5 ಆದರೆ ಏನೋ ಕೆಟ್ಟಿದೆ ಎಂಬ ಸೂಚನೆಯೂ ಸಿಗುತ್ತದೆ. ಮೀಟರಿನ ಕೆಲಸ ಅಲ್ಲಿಗೆ ಮುಗಿಯಿತು. ನಿಲ್ದಾಣದ ಯೋಗ್ಯತೆ ಅಳೆಯುವುದು ಅದರಿಂದಾಗದು.

ನೆರೆ ಬಂದು ಮೊಬೈಲ್ ಸತ್ತ ದಿನ ನಮ್ಮ ದನಿ ದೂರ ಹೋಗಬೇಕು. ಹೊಸ ಆಂಟೆನಾಕ್ಕೆ ದುಡ್ಡು ಕೂಡಿಡುತ್ತಿದ್ದರೆ ಮೊದಲು ಕೇಬಲ್ ಬದಲಿಸಿ, ಕನೆಕ್ಟರಿಗೆ ನೀರು ಇಳಿಯದಂತೆ ರಬ್ಬರ್ ಟೇಪ್ ಸುತ್ತಿ. ಈಶಾನ್ಯ ಮಾರುತ ಬರುವ ಮೊದಲು ಒಂದು ಭಾನುವಾರ ಕೇಬಲಿನ ಮೇಲ್ತುದಿಗೆ ಡಮ್ಮಿ ಲೋಡ್ ಕಟ್ಟಿ, ಎರಡೂ ತುದಿಗಳಲ್ಲಿ ವಾಟ್ ಅಳೆದು ನೋಡಿ.